ಅಂಗಿಗೆ ಚಿಮುಕಿಸಿದ ವಾಸನೆ

ಅಜ್ಜಂಪುರ
9 ನವೆಂಬರ್ 2025, ಭಾನುವಾರ

ಪ್ರೀತಿಯ ಅನೂ,

ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ಮೂಗು ಕಟ್ಟಿಕೊಂಡವಳ ಹಾಗೆ ಮಾತಾಡುತ್ತಿದ್ದೆ. ಕೇಳಿದರೆ ಲ್ಯಾಬಿನ ಏಸಿ ಎಂದೆ. ಹೋಗುವಾಗ ಬ್ಯಾಗಿನ ತಳಕ್ಕೆ ಹಾಕಿಕೊಟ್ಟ ಸ್ವೆಟರನ್ನು ನೀನು ಇನ್ನೂ ಹೊರಗೆ ತೆಗೆದಿಲ್ಲ ಎನ್ನುವುದು ನನಗೆ ಇಲ್ಲಿಂದಲೇ ಕಾಣುತ್ತದೆ. ಕಾಳುಮೆಣಸು, ಜೀರಿಗೆ ಹುರಿದು ಪುಡಿ ಮಾಡಿ ಕೊಟ್ಟಿದ್ದೆನಲ್ಲ, ಅದು ಇದೆಯೋ, ರೂಮಿನವರಿಗೆಲ್ಲ ಹಂಚಿ ಮುಗಿಸಿದೆಯೋ? ಹಂಚಿದ್ದರೂ ಬೈಯುವುದಿಲ್ಲ, ಇನ್ನೊಂದು ಡಬ್ಬಿ ಕಳಿಸುತ್ತೇನೆ. ಬೆಳಿಗ್ಗೆ ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಓಡಬೇಡ. ಊರವರ ಮೆದುಳಿನ ಬಗ್ಗೆ ಅಷ್ಟೆಲ್ಲ ಓದುವವಳು ನಿನ್ನ ಹೊಟ್ಟೆಯ ಬಗ್ಗೆಯೂ ಸ್ವಲ್ಪ ಯೋಚನೆ ಮಾಡು.

ಇಲ್ಲಿ ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ, ಅಂಗನವಾಡಿಯಲ್ಲಿ ಮಕ್ಕಳ ಜೊತೆ ನೆಲಕ್ಕೆ ಕೂತು ಏಳುವುದೇ ಆಯಿತಲ್ಲ. ಹೊಸ ತೂಕದ ಮಿಷನ್ ಕೊಟ್ಟಿದ್ದಾರೆ, ಮಕ್ಕಳು ಅದರ ಮೇಲೆ ನಿಂತು ಕುಣಿಯುತ್ತವೆ, ಮುಳ್ಳಿಲ್ಲದ ಮಿಷನ್ನು, ನಂಬರು ಎಲ್ಲೆಲ್ಲೋ ಓಡುತ್ತದೆ. ನಿಮ್ಮಣ್ಣ ಹೊನ್ನೇಶ ಚೆನ್ನಾಗಿದ್ದಾನೆ. ಅವನನ್ನು ಈಗ ಕರೆಂಟ್ ಆಫೀಸಿನವರು ತರೀಕೆರೆ ಸೆಕ್ಷನ್ನಿಗೆ ಹಾಕಿದ್ದಾರೆ, ದಿನಾ ಬೈಕಿನಲ್ಲಿ ಹೋಗಿಬರುತ್ತಾನೆ. ಕಂಬ ಹತ್ತುವ ಕೆಲಸ, ಸಂಜೆ ಗಾಡಿ ಸದ್ದು ಕೇಳುವ ತನಕ ನನಗೆ ಜೀವದಲ್ಲಿ ಜೀವ ಇರುವುದಿಲ್ಲ. ಮೊನ್ನೆ ಕಾಫಿ ಲೋಟ ಕೈಜಾರಿಸಿ ಹೊಸ ಪ್ಯಾಂಟಿನ ಮೇಲೆ ಚೆಲ್ಲಿಕೊಂಡ, ನಾನು ಬೈದೆ. ಪಕ್ಕದ ಮನೆ ತೀರ್ಥಪ್ಪನವರು ನಿನ್ನನ್ನು ಕೇಳಿದರು. ನಿಮ್ಮಪ್ಪ ಕಂಡಕ್ಟರ್ ಆಗಿದ್ದ ಬಸ್ಸಿಗೆ ಹನ್ನೊಂದು ವರ್ಷ ಡ್ರೈವರ್ ಆಗಿದ್ದವರು, ಈಗ ಜಗಲಿ ಮೇಲೆ ಕೂತು ಹೋಗಿಬರುವ ಬಸ್ಸುಗಳ ಡ್ರೈವರುಗಳನ್ನೆಲ್ಲ ಬೈಯುವುದೇ ಅವರಿಗೆ ಕೆಲಸ.

ಫೋನ್ ಇರುವಾಗ ಅಮ್ಮ ಯಾಕೆ ಕಾಗದ ಬರೆಯುತ್ತಾಳೆ ಎಂದು ನಿನಗೆ ಆಶ್ಚರ್ಯವಾಗಿರಬೇಕು. ಈ ವಾರದಲ್ಲಿ ನಾನು ನಿನಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಊಟ ಆಯ್ತಾ, ಮಳೆ ಬಂತಾ ಎಂದು ಕೇಳಿ ಇಟ್ಟುಬಿಟ್ಟೆ. ಕಾಗದವಾದರೆ ನಿನ್ನ ದನಿ ಕಿವಿಗೆ ಬೀಳುವುದಿಲ್ಲ, ಮಧ್ಯದಲ್ಲಿ ನೀನು ಪ್ರಶ್ನೆ ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಪೋಸ್ಟಾಫೀಸು ತೆಗೆದ ತಕ್ಷಣ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಇಪ್ಪತ್ತನಾಲ್ಕನೇ ತಾರೀಕಿನ ನಿನ್ನ ಸಂದರ್ಶನಕ್ಕೆ ಮೊದಲು ಇದು ನಿನ್ನ ಕೈ ಸೇರಲೇಬೇಕು.

ಪಿಎಚ್‌ಡಿ ಎಂದರೆ ಏನು, ಅದಕ್ಕೆ ಎಷ್ಟು ಕಡೆ ಅರ್ಜಿ ಹಾಕಬೇಕು, ಗೈಡ್ ಅಂದರೆ ಯಾರು ಎನ್ನುವುದನ್ನೆಲ್ಲ ನೀನು ನನಗೆ ಮಕ್ಕಳಿಗೆ ಹೇಳಿದ ಹಾಗೆ ಹೇಳಿದ್ದೀಯ. ಎರಡು ವರ್ಷ ಆ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಇನ್ನೊಬ್ಬರ ಟ್ಯೂಬು ತೊಳೆದದ್ದಾಯಿತು, ಇನ್ನು ನನ್ನದೇ ಪ್ರಶ್ನೆ ಹಿಡಿದು ಹೋಗಬೇಕಮ್ಮ ಎಂದಿದ್ದೆ. ಐದು ಕಡೆ ಅರ್ಜಿ ಹಾಕಿದ್ದರಲ್ಲಿ ಈ ಒಂದು ಕಡೆಯಿಂದ ಕರೆ ಬಂತು ಎಂದು ಹೇಳಿದಾಗ ನಾನು ಬೀದಿಯವರಿಗೆಲ್ಲ ಸಕ್ಕರೆ ಹಂಚಿದೆ. ಎಂಟು ಜನರಿಗೆ ಕರೆ, ಎರಡೇ ಸೀಟು. ಬರೀ ಲ್ಯಾಬಲ್ಲ, ಆಸ್ಪತ್ರೆಯೂ ಜೊತೆಗೇ ಇದೆ, ರೋಗಿಗಳನ್ನು ಎದುರಿಗೇ ನೋಡಿ ಸಂಶೋಧನೆ ಮಾಡಬಹುದು, ಕುಡಿತದಿಂದ ಮೆದುಳಿಗೆ ಏನಾಗುತ್ತದೆ ಎಂದು ಹುಡುಕುವ ದೊಡ್ಡ ಗೈಡ್ ಅಲ್ಲಿದ್ದಾರೆ ಎಂದೆಲ್ಲ ಹೇಳಿದೆ. ಆಮೇಲೆ, ನಾನು ಯಾಕೆ ಈ ಓದಿಗೆ ಬಂದೆ ಅಂತ ಒಂದು ಪುಟ ಬರೆದಿದ್ದೀನಿ ಕೇಳು ಎಂದು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದೆ. ಆ ಮಾತು ಒಂದಕ್ಷರ ಬಿಡದೆ ನನಗೆ ನೆನಪಿದೆ. "ನಮ್ಮಪ್ಪ ಕುಡೀತಿದ್ರು. ನನಗೆ ಹತ್ತು ವರ್ಷ ಇದ್ದಾಗ, ಅತ್ತೆ ನಿಶ್ಚಿತಾರ್ಥದ ದಿನ ಅವರ ಅಂಗಿಯಿಂದ ಬಂದ ವಾಸನೆ ಇವತ್ತಿಗೂ ನನ್ನ ಮೂಗಲ್ಲಿದೆ. ಒಬ್ಬ ಒಳ್ಳೆ ಮನುಷ್ಯನ ಮೆದುಳನ್ನ ಅದು ಏನು ಮಾಡ್ತು ಅಂತ ತಿಳ್ಕೊಳ್ಳೋಕೆ ನಾನು ಬಂದಿದ್ದೀನಿ." ಚೆನ್ನಾಗಿದೆಯಾ ಅಮ್ಮಾ ಎಂದು ಕೇಳಿದೆ. ಚೆನ್ನಾಗಿದೆ ಎಂದೆ. ಆಮೇಲೆ ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ.

ನಿಮ್ಮಪ್ಪ ಕುಡಿಯುತ್ತಿರಲಿಲ್ಲ ಅನೂ. ಒಂದು ದಿನವೂ, ಒಂದು ತೊಟ್ಟೂ ಕುಡಿದವರಲ್ಲ.

ಇಷ್ಟು ಬರೆದು ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಇನ್ನು ಮೊದಲಿನಿಂದ ಹೇಳುತ್ತೇನೆ, ನಿಧಾನವಾಗಿ ಓದು. ಬೆಳಿಗ್ಗೆ ಅಜ್ಜಂಪುರದಿಂದ ತರೀಕೆರೆ, ಮಧ್ಯಾಹ್ನ ತರೀಕೆರೆಯಿಂದ ಕಡೂರು, ಮತ್ತೆ ವಾಪಸು, ಇದು ನಿಮ್ಮಪ್ಪನ ಬಸ್ಸಿನ ದಾರಿ ಎಂದು ನಿನಗೆ ಗೊತ್ತು. ಎಷ್ಟೇ ಜನ ತುಂಬಿರಲಿ, ಕಂಬಿ ಹಿಡಿಯದೆ ಹಿಂದಿನಿಂದ ಮುಂದಕ್ಕೆ ನಡೆದುಕೊಂಡು ಬಂದು ಟಿಕೆಟ್ ಹರಿದುಕೊಡುತ್ತಿದ್ದ ಮನುಷ್ಯ. ನಿನಗೆ ಎಂಟು ವರ್ಷ ಇದ್ದಾಗ ಅವರ ಎಡಗಾಲಿನ ಚಪ್ಪಲಿ ಜಾರಿಹೋಗಲು ಶುರುವಾಯಿತು. ಚಪ್ಪಲಿ ಹಿಂದೆ ಉಳಿದಿರುತ್ತಿತ್ತು, ಅವರು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು, ಕಾಲಲ್ಲಿ ಇಲ್ಲ ಎನ್ನುವುದೇ ಗೊತ್ತಾಗುತ್ತಿರಲಿಲ್ಲ. ನಾನು ನಕ್ಕಿದ್ದೆ. ಆಮೇಲೆ ನಡಿಗೆಯೇ ತೂರಾಡಲು ಶುರುವಾಯಿತು. ಬಸ್ಸಿನೊಳಗೆ ಎಲ್ಲರೂ ಓಲಾಡುತ್ತಾರಲ್ಲ, ಅಲ್ಲಿ ಇವರ ಓಲಾಟ ಯಾರ ಕಣ್ಣಿಗೂ ಬೀಳಲಿಲ್ಲ. ಇಳಿದು ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವ ದಾರಿಯಲ್ಲಿ ಎಲ್ಲರಿಗೂ ಕಂಡಿತು. ಸಂಜೆ ಹೊತ್ತು, ಗಂಡಸು, ತೂರಾಡಿಕೊಂಡು ಬರುತ್ತಾನೆ ಎಂದರೆ ಊರಿನವರಿಗೆ ಇನ್ನೇನು ತೋಚುತ್ತದೆ? ಕಟ್ಟಿಕೊಂಡ ನನಗೇ ಅದು ಬಿಟ್ಟು ಬೇರೇನೂ ತೋಚಲಿಲ್ಲ.

ಟವೆಲ್ ಕೊಡುವ ನೆಪದಲ್ಲಿ ಹತ್ತಿರ ಹೋಗಿ ಅವರ ಬಾಯಿ ಮೂಸುತ್ತಿದ್ದೆ. ಎಲೆಅಡಿಕೆ ವಾಸನೆ ಬಿಟ್ಟು ಏನೂ ಇರುತ್ತಿರಲಿಲ್ಲ. ವಾಸನೆ ಮುಚ್ಚಲಿಕ್ಕೇ ಎಲೆಅಡಿಕೆ ಹಾಕುತ್ತಾರೆ ಎಂದುಕೊಂಡೆ. ನಾಚಿಕೆ ಬಿಟ್ಟು ತರೀಕೆರೆಯ ಒಂದು ವೈನ್ಸ್ ಅಂಗಡಿಗೆ ಹೋಗಿ ಕೇಳಿದೆ. ಅಂತಹವರು ಇಲ್ಲಿಗೆ ಬಂದೇ ಇಲ್ಲ ಕಣ್ರೀ ಎಂದರು. ಹಾಗಾದರೆ ಕಡೂರಿನಲ್ಲಿ ಕುಡಿಯುತ್ತಾರೆ ಎಂದುಕೊಂಡೆ. ಬೇಡದ್ದನ್ನು ನಂಬಲಿಕ್ಕೆ ನಿಂತರೆ ಎಷ್ಟೊಂದು ದಾರಿ ಸಿಗುತ್ತದೆ ನೋಡು. ತೀರ್ಥಪ್ಪನವರು ಒಂದು ಸಲ ಗೇಟಿನ ಹತ್ತಿರ ನಿಂತು, ಈರಭದ್ರ ಕುಡಿಯೋದನ್ನ ನಾನು ಕಂಡಿಲ್ಲ ಕಣಮ್ಮ, ಏನೋ ಬೇರೆ ಇರಬೇಕು ಎಂದರು. ನಿಮ್ಮ ಸ್ನೇಹಿತನ ಪರ ನೀವು ವಹಿಸದೆ ಇನ್ಯಾರು ವಹಿಸ್ತಾರೆ ಎಂದು ಅವರ ಬಾಯಿ ಮುಚ್ಚಿಸಿದೆ.

ಕಡೂರು ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಕುಡಿತ ಬಿಡಿಸುವ ಶಿಬಿರ ನಡೆಯಿತು, ಎಂಟು ದಿನದ್ದು. ಹೆಸರು ಬರೆಸಿ ಬಂದು ನಿಮ್ಮಪ್ಪನ ಮುಂದೆ ಅತ್ತೆ. ನೀವು ಹೋಗದಿದ್ದರೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ ಎಂದೆ. ಅವರು "ಆಯ್ತು ಬಿಡು ಶಶಿ, ಹೋಗ್ಬತ್ತೀನಿ. ನಿನಗೆ ಸಮಾಧಾನ ಆದ್ರೆ ಸಾಕು" ಎಂದರು. ಅಲ್ಲಿ ಉಳಿದವರಿಗೆ ಎರಡನೇ ದಿನಕ್ಕೆ ಕೈ ನಡುಕ, ವಾಂತಿ, ರಂಪ. ಇವರು ಮಾತ್ರ ಹೊತ್ತುಹೊತ್ತಿಗೆ ಉಂಡು, ಉಳಿದವರಿಗೆ ನೀರು ಕುಡಿಸಿಕೊಂಡು ಇದ್ದರಂತೆ. ಎಂಟನೇ ದಿನ ಮನೆಯವರನ್ನೆಲ್ಲ ಕರೆಸಿ ಸ್ಟೇಜಿನ ಮೇಲೆ ಒಬ್ಬೊಬ್ಬರಿಂದಲೂ ಪ್ರತಿಜ್ಞೆ ಮಾಡಿಸಿದರು. ನಿಮ್ಮಪ್ಪ ಮೆಟ್ಟಿಲು ಹತ್ತುವಾಗ ತೂರಾಡಿದರು. ಮುಂದೆ ಕೂತಿದ್ದವರು, ಇವನು ಇವತ್ತೂ ಹಾಕ್ಕೊಂಡು ಬಂದವನೆ ಎಂದು ನಕ್ಕರು. ಅವರು ಮೈಕಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಇನ್ನು ಮೇಲೆ ಕುಡಿಯುವುದಿಲ್ಲ ಎಂದು ಹೇಳಿದರು. ನಾನು ಕೆಳಗೆ ಕೂತು ಚಪ್ಪಾಳೆ ತಟ್ಟಿದೆ. ಜೀವಮಾನದಲ್ಲಿ ಕುಡಿಯದ ಮನುಷ್ಯನ ಕೈಯಲ್ಲಿ ಕುಡಿಯುವುದಿಲ್ಲ ಎಂದು ಆಣೆ ಮಾಡಿಸಿ, ನಾನೇ ಚಪ್ಪಾಳೆ ತಟ್ಟಿದೆ.

ಮನೆಗೆ ಬಂದು ತಿಂಗಳಾದರೂ ತೂರಾಟ ನಿಲ್ಲಲಿಲ್ಲ. ಒಂದು ದಿನ ನಾನು ತಟ್ಟೆಯನ್ನು ಅವರ ಮುಂದೆ ಕುಕ್ಕಿ, ಆಣೆಯನ್ನೂ ತಿಂದಿರಾ ಎಂದು ಕೂಗಾಡಿದೆ. ಮಾರನೇ ದಿನ ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಾಗ ನಿಮ್ಮಜ್ಜಿ ಹುಚ್ಚಮ್ಮ ನನ್ನನ್ನು ಹತ್ತಿರ ಕರೆದರು. ಅವನನ್ನ ಬೈಬೇಡ ಕಣೇ ಎಂದರು. ನಿಮ್ಮ ತಾತನಿಗೂ ಹೀಗೇ ಆಗಿತ್ತಂತೆ, ಐವತ್ತರ ಸುಮಾರಿಗೆ. ತಾತನ ಅಣ್ಣನಿಗೂ ಅಂತೆ. ಮೊದಲು ಕಾಲು, ಆಮೇಲೆ ಕೈ, ಆಮೇಲೆ ಮಾತು. ತಾತ ಹೆಂಡ ಕುಡಿದು ಹಾಳಾದ ಎಂದು ನಾವೆಲ್ಲ ಕೇಳಿಕೊಂಡು ಬಂದದ್ದು ಹುಚ್ಚಮ್ಮನವರೇ ಊರಿಗೆ ಹೇಳಿದ ಮಾತು, ಅವರಿಗೆ ಹಾಗೆ ಹೇಳಲು ಕಲಿಸಿದ್ದು ಅವರ ಅತ್ತೆ. ಯಾಕೆ ಹೀಗೆ ಎಂದು ಕೇಳಿದೆ. "ಕುಡುಕನ ಮನೆ ಹೆಣ್ಣಾದ್ರೆ ಪಾಪ ಅಂತ ಮಾಡ್ಕೋತಾರೆ ಕಣೇ ಶಶಿ. ರೋಗದ ಮನೆ ಹೆಣ್ಣು ಅಂದ್ರೆ ಯಾರು ಬತ್ತಾರೆ? ನನ್ನ ಮಗಳು ಅನಿತಂದು ಮದುವೆ ಆಗ್ಲಿ, ಆಮೇಲೆ ನಿನ್ನ ಮಗಳದ್ದೂ ಐತೆ" ಎಂದರು. ನೀನು ಆಗ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆ. ನಾನು ನಿನ್ನ ಕಾಲುಗಳನ್ನೇ ನೋಡುತ್ತಾ ಕೂತಿದ್ದೆ.

ಆ ದಿನದವರೆಗೆ ನಾನು ಮಾಡಿದ್ದು ತಪ್ಪು. ಆಮೇಲೆ ಮಾಡಿದ್ದು ಸುಳ್ಳು. ಅವೆರಡನ್ನೂ ನೀನು ಬೇರೆಬೇರೆಯಾಗಿಯೇ ತಿಳಿದುಕೊಳ್ಳಬೇಕು.

ಈಗ ಆ ವಾಸನೆಯ ವಿಷಯಕ್ಕೆ ಬರುತ್ತೇನೆ. ನಿಮ್ಮತ್ತೆ ಅನಿತಾಳನ್ನು ನೋಡಿಹೋಗಿದ್ದ ದೇವನೂರಿನವರು ನಿಶ್ಚಿತಾರ್ಥಕ್ಕೆ ಬರುವವರಿದ್ದರು. ಹುಡುಗಿಯ ಅಣ್ಣನೇ ಯಜಮಾನ, ಅವನು ಎಲೆಅಡಿಕೆ ತಟ್ಟೆ ಹಿಡಿದು ಚಪ್ಪರದ ಈ ಕೊನೆಯಿಂದ ಆ ಕೊನೆಗೆ ನಡೆಯಬೇಕು. ನಡೆದರೆ ಗೊತ್ತಾಗುತ್ತದೆ. ಕಾರಣ ಕೇಳುವ ಮೊದಲೇ ಕಾರಣ ಅವರ ಮೂಗಿಗೆ ಬಡಿಯಬೇಕು ಎಂದು ನಿಮ್ಮಜ್ಜಿ ಉಪಾಯ ಹೇಳಿದರು. ಹಿಂದಿನ ದಿನ ನಿಮ್ಮಪ್ಪನೇ ತರೀಕೆರೆಯಿಂದ ಒಂದು ಸಣ್ಣ ಬಾಟಲಿಯನ್ನು ಪೇಪರಿನಲ್ಲಿ ಸುತ್ತಿ ತಂದರು. ಅವರು ಜೀವನದಲ್ಲಿ ಕೊಂಡದ್ದು ಅದೊಂದೇ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಬಿಳಿ ಅಂಗಿ ತೊಟ್ಟು ಬಂದು ಅಡುಗೆಮನೆಯಲ್ಲಿ ನನ್ನ ಮುಂದೆ ನಿಂತುಕೊಂಡರು. ಎಲ್ಲಿಗೆ ಹಾಕ್ತೀಯ ಹಾಕು, ಕಲೆ ಆಗಲ್ಲ ತಾನೆ ಎಂದು ನಕ್ಕರು. ಇಸ್ತ್ರಿ ಮಾಡುವ ಮೊದಲು ನೀರು ಚಿಮುಕಿಸುತ್ತೇವಲ್ಲ, ಹಾಗೆ ನಾನು ಬೆರಳು ಅದ್ದಿ ಕಾಲರಿಗೆ, ಎದೆಗೆ, ತೋಳಿಗೆ ಚಿಮುಕಿಸಿದೆ. ಅಷ್ಟರಲ್ಲಿ ನೀನು ಹೊಸ ಲಂಗ ತೋರಿಸಲು ಓಡಿಬಂದು ಅವರ ಸೊಂಟ ತಬ್ಬಿಕೊಂಡೆ. ಮುಖ ಎತ್ತಿ ಮೂಗು ಸೊಟ್ಟ ಮಾಡಿದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡರು. ನೀನು ಅವರನ್ನು ತಬ್ಬಿಕೊಂಡದ್ದು ಅದೇ ಕೊನೆ.

ದೇವನೂರಿನ ಹಿರಿಯರು, ಅಣ್ಣ ಸ್ವಲ್ಪ ಹಾಕ್ಕೋತಾನೆ ಅನ್ಸುತ್ತೆ, ಅದಕ್ಕೆ ಹುಡುಗಿ ಏನು ಮಾಡ್ತಾಳೆ ಪಾಪ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಸಂಬಂಧ ಕೂಡಿತು. ಅನಿತಾ ಈಗ ಎರಡು ಮಕ್ಕಳ ತಾಯಿ, ಅವಳಿಗೆ ಇದರಲ್ಲಿ ಒಂದೂ ಗೊತ್ತಿಲ್ಲ. ಆ ನಿಶ್ಚಿತಾರ್ಥವಾಗಿ ಎರಡು ವರ್ಷಕ್ಕೆ ಬಸ್ಸಿನ ಮಾಲೀಕರು, ಕುಡಿದು ಡ್ಯೂಟಿಗೆ ಬರ್ತೀಯ ಎಂದು ನಿಮ್ಮಪ್ಪನ ಕೈಯಿಂದ ಚೀಲ ಇಸಿದುಕೊಂಡರು. ಇಲ್ಲ ಎನ್ನಲು ಅವರಿಗೆ ಬಾಯಿರಲಿಲ್ಲ, ನಾವು ಬಿಟ್ಟಿರಲಿಲ್ಲ. ನಿನ್ನ ಎಂಟನೇ ಕ್ಲಾಸಿನ ಬಹುಮಾನದ ದಿನ ಸ್ಕೂಲಿನ ಮೆಟ್ಟಿಲ ಮೇಲೆ ಅವರು ಬಿದ್ದು, ನೀನು ಗೆದ್ದ ಕಪ್ಪಿನ ಹಿಡಿ ಮುರಿಯಿತಲ್ಲ, ಆಮೇಲೆ ನೀನು ಮೂರು ತಿಂಗಳು ಅವರ ಜೊತೆ ಮಾತು ಬಿಟ್ಟೆ. ಆಗ ನಾನು ಇನ್ನು ತಡೆಯಲಾರೆ, ಮಗಳಿಗಾದರೂ ಹೇಳೋಣ ಎಂದೆ. ಅವರು ಒಪ್ಪಲಿಲ್ಲ. "ಬೇಡ ಶಶಿ. ಕುಡುಕ ಅಂತ ಸಿಟ್ಟು ಮಾಡ್ಕೊಂಡ್ರೆ ಮಾಡ್ಕೊಳ್ಳಲಿ. ಸಿಟ್ಟಲ್ಲಾದ್ರೂ ಓದ್ತಾಳೆ. ನಂಗೂ ಬರುತ್ತಾ ಅಂತ ಹೆದರ್ಕೊಂಡು ಕೂತ್ರೆ ಓದ್ತಾಳಾ?" ಎಂದರು. ನೀನು ಸಿಟ್ಟಲ್ಲೇ ಓದಿದೆ. ಪ್ರತಿ ಸಲ ಫಸ್ಟ್ ಬಂದಾಗಲೂ ಅವರು, ನೋಡ್ದಾ, ನಾನು ಹೇಳ್ಲಿಲ್ವಾ ಎಂದು ನನಗೆ ಕಣ್ಣಲ್ಲೇ ಹೇಳುತ್ತಿದ್ದರು.

ಎಂಎಸ್ಸಿ ಓದುವಾಗ ರಜೆಗೆ ಬಂದು ನೀನು ಬೀರುವಿನಿಂದ ನಿಮ್ಮಪ್ಪನ ಆಸ್ಪತ್ರೆ ಫೈಲು ತೆಗೆದು ಓದಿದೆಯಲ್ಲ, ಅದರಲ್ಲಿ ಹತ್ತು ವರ್ಷದಿಂದ ಕುಡಿತ ಎಂದು ಬರೆದಿದೆ. ನೀನು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಆ ಸಾಲು ಡಾಕ್ಟರದ್ದಲ್ಲ ಅನೂ, ನನ್ನದು. ಅವರು ಕೇಳಿದರು, ನಾನು ಹೇಳಿದೆ, ಅವರು ಬರೆದುಕೊಂಡರು. ಊರ ಮಕ್ಕಳ ತೂಕವನ್ನು ಐವತ್ತು ಗ್ರಾಂ ಹೆಚ್ಚುಕಡಿಮೆಯಾಗದಂತೆ ರಿಜಿಸ್ಟರಿಗೆ ಬರೆಯುವವಳು ನಾನು. ಒಬ್ಬ ತಾಯಿ ಮಗುವಿನ ಜ್ವರ ಮುಚ್ಚಿಟ್ಟರೆ ಬೈಯುವವಳು ನಾನು. ನನ್ನ ಗಂಡನ ಕಾಗದದಲ್ಲಿ ನಾನೇ ಸುಳ್ಳು ಬರೆಸಿದೆ. ನೀನು ನಿನ್ನ ಓದನ್ನೆಲ್ಲ ಆ ಸಾಲಿನ ಮೇಲೆ ಕಟ್ಟಿಕೊಂಡು ಹೋದೆ, ನಾನು ಪಕ್ಕದಲ್ಲೇ ನಿಂತು ಅಕ್ಕಿ ಆರಿಸುತ್ತಾ ನೋಡಿಕೊಂಡಿದ್ದೆ.

2019ರಲ್ಲಿ ಮಾತು ತೊದಲಲು ಶುರುವಾದಾಗ ಶಿವಮೊಗ್ಗದಲ್ಲಿ ಒಬ್ಬರು ಲೇಡಿ ಡಾಕ್ಟರು ನೋಡಿದರು. ಚಿಕ್ಕ ವಯಸ್ಸಿನವರು. ಸ್ಕ್ಯಾನ್ ನೋಡಿ, ನಡಿಗೆ, ಮಾತು ಹಿಡಿತದಲ್ಲಿಡುವ ಕಿರುಮೆದುಳು ತುಂಬ ಕುಗ್ಗಿದೆ, ಇದು ಕುಡಿತದ್ದು ಅಂತ ನನಗೆ ಅನ್ನಿಸಲ್ಲ, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತಾ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಇಲ್ಲ ಎಂದೆ. ಇದ್ದಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತಿದ್ದೆ ಎಂದರು. ವಂಶದಲ್ಲಿ ಬರುವ ಜಾತಿಯದಾದರೆ ಮಕ್ಕಳಿಗೆ ಅರ್ಧಕ್ಕರ್ಧ ಸಾಧ್ಯತೆ, ಗಂಡು ಹೆಣ್ಣು ಅಂತಿಲ್ಲ, ಒಂದೊಂದು ತಲೆಮಾರಿಗೆ ಇನ್ನೂ ಬೇಗ ಕಾಣಿಸಿಕೊಳ್ಳಬಹುದು ಎಂದರು. ಪಕ್ಕದಲ್ಲಿ ಕೂತಿದ್ದ ನಿಮ್ಮಪ್ಪ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು. ಎರಡು ವರ್ಷಕ್ಕೆ ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ, ಕುಡಿದೇ ಹಾಳಾದ, ಒಳ್ಳೆ ಮನುಷ್ಯ ಎಂದರು. ಆಗಲೂ ನಾನು ತಲೆ ಬಗ್ಗಿಸಿ ಕೂತಿದ್ದೆನೇ ಹೊರತು ಅಲ್ಲ ಎನ್ನಲಿಲ್ಲ.

ಈ ಕವರಿನಲ್ಲಿ ನಿನ್ನ ಸ್ಕೂಲಿನ ಪ್ರೋಗ್ರೆಸ್ ಕಾರ್ಡುಗಳನ್ನೆಲ್ಲ ಇಟ್ಟಿದ್ದೇನೆ. ಮಾರ್ಕ್ಸ್ ನೋಡಬೇಡ, ಕೆಳಗೆ ಪೋಷಕರ ಸಹಿ ಇರುವ ಜಾಗ ನೋಡು. ಒಂದನೇ ಕ್ಲಾಸಿನದ್ದರಲ್ಲಿ ಬಿ. ಈರಭದ್ರಪ್ಪ ಎಂದು ಮುತ್ತು ಪೋಣಿಸಿದ ಹಾಗಿದೆ. ನಾಲ್ಕರಲ್ಲಿ ಒತ್ತಕ್ಷರ ಜಾರಿದೆ. ಏಳರಲ್ಲಿ ಗೆರೆ ದಾಟಿ ಮಾರ್ಕ್ಸಿನ ಮೇಲೆ ಹತ್ತಿದೆ. ಹತ್ತನೆಯದರಲ್ಲಿ ಅಕ್ಷರವೇ ಇಲ್ಲ, ಬರೀ ಗೀಚು. ಕುಡಿದು ಸೈನ್ ಮಾಡಿದ್ದಾರೆ, ನಾನು ಮಿಸ್‌ಗೆ ತೋರಿಸಲ್ಲ ಎಂದು ನೀನು ಅದನ್ನು ಎಸೆದಿದ್ದೆ. ಆ ಕಾರ್ಡಿಗೆ ಅವರು ಬೆಳಿಗ್ಗೆ ಆರು ಗಂಟೆಗೆ ಎದ್ದು, ಬಲಗೈಯನ್ನು ಎಡಗೈಯಲ್ಲಿ ಒತ್ತಿಹಿಡಿದು, ಹಳೆ ಪೇಪರಿನ ಮೇಲೆ ಇಪ್ಪತ್ತು ಸಲ ಅಭ್ಯಾಸ ಮಾಡಿ ಸಹಿ ಹಾಕಿದ್ದರು. ನಿನ್ನ ಓದಿನವರಿಗೆ ಇದು ಉಪಯೋಗಕ್ಕೆ ಬರಬಹುದು ಎಂದು ನನ್ನ ಮೊದ್ದು ಬುದ್ಧಿಗೆ ಅನ್ನಿಸಿತು. ಬಾರದಿದ್ದರೂ ನಿನ್ನ ಹತ್ತಿರ ಇಟ್ಟುಕೋ.

ನಾನು ಕೇಳುವುದು ಒಂದೇ. ಆ ಪುಟದಲ್ಲಿ ನಮ್ಮಪ್ಪ ಕುಡಿಯುತ್ತಿದ್ದರು ಎಂದು ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ಸಂದರ್ಶನದಲ್ಲಿ ಆ ದೊಡ್ಡವರ ಮುಂದೆ ಆ ಮಾತು ನಿನ್ನ ಬಾಯಿಂದ ಬರಬಾರದು. ಅದನ್ನು ತೆಗೆದರೆ ನಿನ್ನ ಪ್ರಶ್ನೆಯೇ ಬೇರೆಯಾಗುತ್ತದೆ, ಆ ಗೈಡ್ ನಿನ್ನನ್ನು ತೆಗೆದುಕೊಳ್ಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಸೀಟು ಹೋದರೆ ಹೋಗಲಿ ಎಂದು ಹೇಳುವ ಯೋಗ್ಯತೆ ನನಗಿಲ್ಲ, ನೀನು ಅದಕ್ಕಾಗಿ ಎಷ್ಟು ಬೆಂದಿದ್ದೀಯ ಎಂದು ಬಲ್ಲೆ. ನಿನ್ನ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಬಿಡುವುದು ನಿನಗೆ ಬಿಟ್ಟದ್ದು, ತಿಳಿದುಕೊಳ್ಳಲೇಬೇಕು ಎಂದು ನಾನು ಬಲವಂತ ಮಾಡುವುದಿಲ್ಲ. ನನ್ನ ಮೇಲೆ ಸಿಟ್ಟು ಬಂದರೆ ಇಟ್ಟುಕೋ, ಎಷ್ಟು ದಿನ ಬೇಕಾದರೂ. ನಿಮ್ಮಪ್ಪ ನಿನ್ನ ಸಿಟ್ಟನ್ನು ಹನ್ನೊಂದು ವರ್ಷ ತಡೆದುಕೊಂಡರು, ನನ್ನ ಪಾಲಿನದನ್ನು ಈಗ ನಾನು ತಡೆದುಕೊಳ್ಳುತ್ತೇನೆ.

ಆ ಮನುಷ್ಯನ ಆಶೀರ್ವಾದ ನಿನ್ನ ಮೇಲೆ ಯಾವತ್ತೂ ಇತ್ತು, ಈಗಲೂ ಇದೆ. ನನ್ನದು ಬೇಕಾದರೆ ಅದರ ಜೊತೆ ಸೇರಿಸಿಕೋ. ಸ್ವೆಟರ್ ಹಾಕಿಕೋ. ನಿನ್ನ ರೂಮಿನ ಹುಡುಗಿ ಧನ್ಯಶ್ರೀಗೆ ಕೇಳಿದೆ ಎಂದು ಹೇಳು.

ಇಂತಿ ನಿನ್ನ ತಪ್ಪಿತಸ್ಥ ಅಮ್ಮ,
ಶಶಿಕಲಾ

ಕವರಿಗೆ ಅಂಟು ಹಚ್ಚುವ ಮೊದಲು: ಹೊನ್ನೇಶ ಚೆನ್ನಾಗಿದ್ದಾನೆ ಎಂದು ಮೇಲೆ ಬರೆದಿದ್ದೇನೆ, ಅದೂ ಸುಳ್ಳು. ಬರೆದು ಬರೆದು ಅಭ್ಯಾಸವಾಗಿಹೋಗಿದೆ. ಗುರುವಾರ ಕಂಬದಿಂದ ಇಳಿಯುವಾಗ ಕಾಲು ತಪ್ಪಿ ಬೆಲ್ಟಿಗೆ ಜೋತುಬಿದ್ದನಂತೆ, ಕುಡಿದು ಬಂದಿದ್ದೀಯ ಎಂದು ಅಲ್ಲಿಂದಲೇ ಮನೆಗೆ ಕಳಿಸಿದ್ದಾರೆ. ತೀರ್ಥಪ್ಪನವರೂ, ಇವನೂ ಶುರು ಮಾಡ್ಕೊಂಡ್ನಾ ಶಶಿ ಎಂದು ಕೇಳಿದರು. ಬರುವ ಶನಿವಾರದೊಳಗೆ ಆಫೀಸಿಗೆ ವಿವರಣೆ ಬರೆದುಕೊಡಬೇಕು. ಕುಡಿದಿದ್ದೆ ಅಂತ ಬರೆದುಕೊಟ್ಟರೆ ಒಂದು ವಾರ್ನಿಂಗಿನಲ್ಲಿ ಮುಗಿಯುತ್ತೆ, ಕಾಯಿಲೆ ಅಂದರೆ ಕಂಬದ ಕೆಲಸವೇ ಹೋಗುತ್ತೆ ಎಂದು ಯಾರೋ ಹೇಳಿಕೊಟ್ಟಿದ್ದಾರೆ, ಅವನು ಹಾಗೇ ಬರೆಯುತ್ತೇನೆ ಎಂದು ಹಾಳೆ ಇಟ್ಟುಕೊಂಡು ಕೂತಿದ್ದಾನೆ. ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ್ದಾಗ ಬಗ್ಗಿ ಅವನ ಬಾಯಿ ಮೂಸಿದೆ, ಹದಿನೇಳು ವರ್ಷದ ಮೇಲೆ. ಮಜ್ಜಿಗೆ ವಾಸನೆ ಬಿಟ್ಟು ಏನೂ ಇರಲಿಲ್ಲ. ಅವನಿಗೆ ಎಚ್ಚರವಾಯಿತು. "ನಾನು ಕುಡಿದಿಲ್ಲ ಕಣಮ್ಮ" ಎಂದ. "ಗೊತ್ತು ಕಣಪ್ಪ" ಎಂದೆ. ಆ ಎರಡು ಮಾತನ್ನು ನಿಮ್ಮಪ್ಪನಿಗೆ ಒಂದು ಸಲವೂ ಹೇಳಲಿಲ್ಲ ನಾನು. ಅಪ್ಪನ ಕಾಯಿಲೆಯ ವಿಷಯ ಅವನಿಗೂ ಗೊತ್ತಿಲ್ಲ, ಮುಂದಿನದನ್ನು ಅವನಿಗೆ ಹೇಳಲು ನನಗೆ ತಿಳಿಯದು, ನೀನು ಓದಿದವಳು. ಇದು ಮುಟ್ಟಿದ ಕೂಡಲೇ ಫೋನ್ ಮಾಡು. ನನಗಲ್ಲ, ಅವನಿಗೆ.